ಸ್ಟ್ರಾನ್‌ಗೆ ಹೋಗುವುದಾದರೆ ಎರಡು ರಾತ್ರಿ ಇಟ್ಟುಕೊಂಡು ಹೋಗಿ

ಮೊದಲು ಹೆಸರು ಸರಿಮಾಡಿಕೊಳ್ಳೋಣ. ಇಂಗ್ಲಿಷ್ ಬೋರ್ಡು ನೋಡಿದರೆ ‘ಸ್ಟ್ರಹಾನ್’ ಅಂತ ಓದಬೇಕು ಅನ್ನಿಸುತ್ತದೆ. ನಾನೂ ಹಾಗೇ ಓದಿ ಪೆಟ್ರೋಲ್ ಬಂಕಿನಲ್ಲಿ ದಾರಿ ಕೇಳಿದೆ. ಅಲ್ಲಿದ್ದ ಅಜ್ಜ ಎರಡು ಸಲ ‘ಎಲ್ಲಿಗೆ?’ ಅಂತ ಕೇಳಿ, ಆಮೇಲೆ ‘ಓ, ಸ್ಟ್ರಾನ್!’ ಅಂದ. ಹಕಾರ ನುಂಗಿಬಿಡಬೇಕು. ಸ್ಟ್ರಾನ್, ಅಷ್ಟೇ.

ಆಸ್ಟ್ರೇಲಿಯಾದ ಕೆಳಗೆ ಇರುವ ಟಾಸ್ಮೇನಿಯಾ ದ್ವೀಪದ ಪಶ್ಚಿಮ ತೀರದಲ್ಲಿ ಈ ಊರಿದೆ. ಸಾವಿರ ಜನರೂ ಇಲ್ಲ. ಎದುರಿಗೆ ಮಕ್ವಾರಿ ಹಾರ್ಬರ್ ಅನ್ನುವ ಭಾರೀ ನೀರು, ಸುಮಾರು 315 ಚದರ ಕಿಲೋಮೀಟರ್, ಅಂದರೆ ಸಿಡ್ನಿ ಹಾರ್ಬರ್‌ನಂಥ ಐದಾರು ಸೇರಿದರೆ ಆಗುವಷ್ಟು. ಅದರ ಆಚೆಗೆ ದಕ್ಷಿಣಕ್ಕೆ ಮತ್ತು ಪೂರ್ವಕ್ಕೆ ಕಾಡೋ ಕಾಡು, ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಾಡು, ರಸ್ತೆ ಇಲ್ಲ, ಊರಿಲ್ಲ. ಪಶ್ಚಿಮಕ್ಕೆ ಸಮುದ್ರ. ಅಲ್ಲಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಆಫ್ರಿಕಾ ಕೂಡ ಸಿಗುವುದಿಲ್ಲ, ಮುಂದಿನ ನೆಲ ಅರ್ಜೆಂಟೀನಾ. ಹಾಗಾಗಿ ಗಾಳಿಗೆ ತಡೆಯೇ ಇಲ್ಲ.

ನಾವು ಮೆಲ್ಬರ್ನ್‌ನಲ್ಲಿ ಇರುವವರು. ಸ್ಟ್ರಾನ್‌ಗೆ ಎರಡು ಸಲ ಹೋಗಿದ್ದೇವೆ. ಮೊದಲ ಸಲ ನಾನು ಮತ್ತು ಹೆಂಡತಿ ಮೇ ತಿಂಗಳಲ್ಲಿ, ಎಲ್ಲವನ್ನೂ ತಪ್ಪು ಮಾಡಿಕೊಂಡು. ಎರಡನೇ ಸಲ ಜನವರಿಯಲ್ಲಿ, ಸಾಗರದಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು. ಕೆಳಗೆ ಬರೆದಿರುವುದು ಹೆಚ್ಚಾಗಿ ಮೊದಲ ಸಲ ಕಲಿತು ಎರಡನೇ ಸಲ ಮಾಡಿದ್ದು.

ಎಷ್ಟು ದಿನ ಬೇಕು?

ನಮ್ಮವರ ಟಾಸ್ಮೇನಿಯಾ ಪ್ಲಾನುಗಳನ್ನು ನೋಡಿದ್ದೇನೆ. ಆರು ದಿನ, ಅದರಲ್ಲಿ ಉತ್ತರದ ಕ್ರೇಡಲ್ ಮೌಂಟನ್ ಬೆಟ್ಟದಿಂದ ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ಗೆ ಹೋಗುವ ದಿನ ‘ದಾರಿಯಲ್ಲಿ ಸ್ಟ್ರಾನ್, 2 ಗಂಟೆ’ ಅಂತ ಬರೆದಿರುತ್ತಾರೆ. ಹಾಗೆ ಹೋಗುವುದಾದರೆ ದಯವಿಟ್ಟು ಹೋಗಬೇಡಿ. ಎರಡು ಗಂಟೆಯಲ್ಲಿ ನಿಮಗೆ ಸಿಗುವುದು ಒಂದು ಧಕ್ಕೆ, ನಾಲ್ಕು ಅಂಗಡಿ, ಒಂದು ಕಾಫಿ, ಬಹುಶಃ ಮಳೆ. ದೋಣಿ ಬೆಳಿಗ್ಗೆಯೇ ಹೊರಟಿರುತ್ತದೆ, ರೈಲೂ ಹೊರಟಿರುತ್ತದೆ. ಎರಡು ರಾತ್ರಿ ಕನಿಷ್ಠ. ಮೂರು ಇದ್ದರೆ ಒಂದು ದಿನ ಪೂರ್ತಿ ಮಳೆಗೆ ಕೊಟ್ಟರೂ ಬೇಜಾರಾಗುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವುದು ಒಳ್ಳೆಯದು. ಆಗ ಅಲ್ಲಿ ಬೇಸಿಗೆ, ಡಿಸೆಂಬರ್ ಜನವರಿಯಲ್ಲಿ ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಜೂನ್‌ನಿಂದ ಆಗಸ್ಟ್ ಚಳಿಗಾಲ, ರೈಲು ದೋಣಿಗಳ ಓಡಾಟ ಕಡಿಮೆ, ದಾರಿಯಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುವುದೂ ಉಂಟು. ಆದರೆ ಬೇಸಿಗೆ ಅಂದ ತಕ್ಷಣ ಬಿಸಿಲು ಅಂದುಕೊಳ್ಳಬೇಡಿ. ಜನವರಿಯಲ್ಲಿ ಅಮ್ಮ ಬೆಳಿಗ್ಗೆ ಸ್ವೆಟರ್, ಹತ್ತು ಗಂಟೆಗೆ ರೇನ್‌ಕೋಟ್, ಮಧ್ಯಾಹ್ನ ಬರೀ ಕಾಟನ್ ಸೀರೆ, ಸಂಜೆ ಮತ್ತೆ ಸ್ವೆಟರ್ ಮೇಲೆ ಶಾಲು, ಹೀಗಿದ್ದರು.

ರಸ್ತೆ, ಮತ್ತು ನಾನು ಮಾಡಿದ ತಪ್ಪು

ಹೋಬಾರ್ಟ್‌ನಿಂದ ಸುಮಾರು 300 ಕಿಲೋಮೀಟರ್. ಬೆಂಗಳೂರಿನಿಂದ ಸಾಗರ 360 ಅಲ್ವಾ, ಇದು ಅದಕ್ಕಿಂತ ಕಡಿಮೆ, ನಾಲ್ಕು ಗಂಟೆ ಸಾಕು ಅಂತ ಲೆಕ್ಕ ಹಾಕಿ ಮಧ್ಯಾಹ್ನ ಎರಡಕ್ಕೆ ಹೊರಟೆವು. ಮೇ ತಿಂಗಳಲ್ಲಿ ಅಲ್ಲಿ ಸಂಜೆ ಐದಕ್ಕೆ ಸೂರ್ಯ ಮುಳುಗುತ್ತಾನೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಡರ್ವೆಂಟ್ ಬ್ರಿಡ್ಜ್ ಅನ್ನುವ ಜಾಗ ದಾಟುವಷ್ಟರಲ್ಲಿ ಕತ್ತಲು. ಅಲ್ಲಿಂದ ಮುಂದೆ ಕ್ವೀನ್ಸ್‌ಟೌನ್ ಅನ್ನುವ ಗಣಿ ಊರಿನವರೆಗೆ 85 ಕಿಲೋಮೀಟರ್, ಅದರಲ್ಲಿ ಒಂದು ಪೆಟ್ರೋಲ್ ಬಂಕ್ ಇಲ್ಲ, ಒಂದು ಮನೆ ದೀಪ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ಬರೀ ತಿರುವು, ಮಳೆ, ಎರಡೂ ಕಡೆ ಮರ. ಆಗುಂಬೆ ಘಾಟಿಯಲ್ಲಿ ರಾತ್ರಿ ಕಾರು ಓಡಿಸಿ ಗೊತ್ತಿರುವವನು ನಾನು, ಆದರೂ ಕೈ ಬೆವರಿತು. ಕಾರಣ ತಿರುವಲ್ಲ, ಪ್ರಾಣಿಗಳು.

ಟಾಸ್ಮೇನಿಯಾದಲ್ಲಿ ಕತ್ತಲಾದ ಮೇಲೆ ರಸ್ತೆ ಪ್ರಾಣಿಗಳದ್ದು. ಪ್ಯಾಡಿಮೆಲನ್ ಅನ್ನುವ ಪುಟಾಣಿ ಕಾಂಗರೂಗಳು, ಮರ ಹತ್ತುವ ಪಾಸಮ್‌ಗಳು, ಸತ್ತ ಪ್ರಾಣಿ ತಿನ್ನಲು ರಸ್ತೆಗೇ ಬರುವ ಟಾಸ್ಮೇನಿಯನ್ ಡೆವಿಲ್, ಎಲ್ಲಕ್ಕಿಂತ ಮುಖ್ಯವಾಗಿ ವಾಂಬಟ್. ವಾಂಬಟ್ ಅಂದರೆ ಇಪ್ಪತ್ತು ಮೂವತ್ತು ಕಿಲೋ ತೂಗುವ, ನಾಲ್ಕು ಕಾಲಿನ ಕಲ್ಲುಗುಂಡು. ನಮ್ಮ ಮುಂದೆ ಒಂದು ಬಂದು ನಿಂತೇಬಿಟ್ಟಿತು. ಬ್ರೇಕ್ ಹಾಕಿದ್ದಕ್ಕೆ ಉಳಿದೆವು, ಅದೂ ಉಳಿಯಿತು. ಅದು ನಮ್ಮನ್ನು ನೋಡಿ ಏನೂ ಆಗೇ ಇಲ್ಲ ಅನ್ನುವ ಹಾಗೆ ನಿಧಾನಕ್ಕೆ ನಡೆದು ಹೋಯಿತು. ಆಮೇಲೆ ಮುಂದಿನ ಅಷ್ಟೂ ದಾರಿ ಗಂಟೆಗೆ 50ರ ಮೇಲೆ ಹೋಗಲಿಲ್ಲ.

ಸ್ಟ್ರಾನ್ ತಲುಪಿದಾಗ ಎಂಟು ದಾಟಿತ್ತು. ನಾವು ಬುಕ್ ಮಾಡಿದ್ದ ಜಾಗದಲ್ಲಿ ಆಫೀಸು ಮುಚ್ಚಿ, ಬೀಗದ ಕೈಯನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟು ಹೋಗಿದ್ದರು. ಅದರ ಸಂಖ್ಯೆ ನಮಗೆ ಇಮೇಲ್‌ನಲ್ಲಿ ಬಂದಿತ್ತು, ಇಮೇಲ್ ತೆರೆಯಲು ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಹೋಟೆಲಿನ ಅಡುಗೆಮನೆಗಳೂ ಮುಚ್ಚಿದ್ದವು. ಆ ರಾತ್ರಿ ಊಟ ಅಂದರೆ ಕಾರಿನಲ್ಲಿದ್ದ ಬ್ರೆಡ್ಡು ಮತ್ತು ಚಟ್ನಿಪುಡಿ.

ಇದರಿಂದ ಏನು ಮಾಡಬೇಕು ಅಂತ ನಿಮಗೇ ಗೊತ್ತಾಗಿರಬೇಕು. ಬೆಳಿಗ್ಗೆ ಎಂಟಕ್ಕೆ ಹೊರಡಿ. ಚಳಿಗಾಲದಲ್ಲಿ ನಾಲ್ಕೂವರೆಗೆ ಕಾರು ನಿಂತಿರಬೇಕು. ಹೋಬಾರ್ಟ್ ಬಿಡುವಾಗಲೇ ಟ್ಯಾಂಕ್ ತುಂಬಿಸಿ. ಮ್ಯಾಪ್ ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ, ರೂಮಿನ ಬುಕಿಂಗ್ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಕಡೆ ಟೆಲ್‌ಸ್ಟ್ರಾ ನೆಟ್‌ವರ್ಕ್ ಉಳಿದವಕ್ಕಿಂತ ವಾಸಿ. ಬಾಡಿಗೆ ಕಾರಾದರೆ ಕರಾರು ಓದಿ. ರಾತ್ರಿ ಹೊತ್ತು ಪ್ರಾಣಿಗೆ ಗುದ್ದಿದರೆ ವಿಮೆಯ ನಿಯಮ ಬೇರೆ ಇರುವ ಕರಾರುಗಳು ಇವೆ. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಆ ಕಷ್ಟ ಇಲ್ಲ. ಬಸ್ಸು ನಂಬಿಕೊಂಡು ಹೋಗುವ ಊರು ಇದಲ್ಲ, ಕಾರು ಬೇಕೇಬೇಕು. ಕಾರಿನ ಜೊತೆಗೆ ಒಂದು ಪಾರ್ಕ್ ಪಾಸ್ ಕೂಡ ತೆಗೆದುಕೊಳ್ಳಿ. ದಾರಿಯಲ್ಲಿ ನೀವು ನಿಲ್ಲುವ ಜಾಗಗಳು ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತವೆ. ಒಂದು ವಾಹನಕ್ಕೆ ಎಂಟು ವಾರದ ಪಾಸ್ ಸಿಗುತ್ತದೆ, ಬಿಡಿಬಿಡಿಯಾಗಿ ತೆಗೆಯುವುದಕ್ಕಿಂತ ಲಾಭ.

ಹಗಲು ಹೊತ್ತು ಹೋದರೆ ಇದೇ ರಸ್ತೆ ಬೇರೆಯೇ. ಎರಡನೇ ಸಲ ನಮಗೆ ಏಳು ಗಂಟೆ ಹಿಡಿಯಿತು, ಯಾಕೆಂದರೆ ಎಲ್ಲಾ ಕಡೆ ನಿಂತೆವು. ಡರ್ವೆಂಟ್ ಬ್ರಿಡ್ಜ್ ಹತ್ತಿರ ಹೆದ್ದಾರಿಯಿಂದ ಐದು ಕಿಲೋಮೀಟರ್ ಒಳಗೆ ಸೇಂಟ್ ಕ್ಲೇರ್ ಸರೋವರ, ಆಸ್ಟ್ರೇಲಿಯಾದಲ್ಲೇ ಅತಿ ಆಳದ್ದು. ಅದೇ ಊರಿನಲ್ಲಿ ಮರದ ಹಲಗೆಗಳ ಮೇಲೆ ನೂರು ಮೀಟರ್ ಉದ್ದಕ್ಕೆ ಈ ಬೆಟ್ಟದ ಸೀಮೆಯ ಕಥೆ ಕೆತ್ತಿದ ಒಂದು ಗೋಡೆ ಇದೆ, ಕೆತ್ತನೆ ಕೆಲಸ ಇಷ್ಟಪಡುವವರು ಬಿಡಬೇಡಿ. ಅಪ್ಪ ಅಲ್ಲಿಂದ ಹೊರಡಲೇ ಒಪ್ಪಲಿಲ್ಲ, ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡಿ ಬೆಳೆದ ಕಣ್ಣು. ಮುಂದೆ ಫ್ರಾಂಕ್ಲಿನ್ ನದಿಯ ಹತ್ತಿರ ಅರ್ಧ ಗಂಟೆಯ ಕಾಲುದಾರಿ ಇದೆ. ನೆಲ್ಸನ್ ಫಾಲ್ಸ್‌ಗೆ ಹೋಗಿ ಬರಲು ಇಪ್ಪತ್ತು ನಿಮಿಷ. ವಯಸ್ಸಾದವರಿಗೂ ಆಗುತ್ತದೆ, ಹಲಗೆ ಹಾಸಿದ ದಾರಿ.

ಆಮೇಲೆ ಇದ್ದಕ್ಕಿದ್ದಂತೆ ಕಾಡು ಮುಗಿದು ಬೋಳು ಗುಡ್ಡಗಳು ಶುರುವಾಗುತ್ತವೆ. ಅದು ಕ್ವೀನ್ಸ್‌ಟೌನ್. ನೂರು ವರ್ಷದ ಹಿಂದೆ ಇಲ್ಲಿ ತಾಮ್ರ ಕರಗಿಸುವ ಕುಲುಮೆಗಳಿಗೆ ಸುತ್ತಲಿನ ಮರವೆಲ್ಲ ಕಡಿದರು, ಕುಲುಮೆಯ ಗಂಧಕದ ಹೊಗೆ ಉಳಿದದ್ದನ್ನು ಸುಟ್ಟಿತು, ಮಳೆ ಮಣ್ಣನ್ನು ತೊಳೆದುಕೊಂಡು ಹೋಯಿತು. ಈಗ ಅಲ್ಲಲ್ಲಿ ಹಸಿರು ಬರುತ್ತಿದೆ, ಆದರೂ ಗುಡ್ಡಗಳು ಗುಲಾಬಿ, ಬೂದು, ಹಳದಿ. ಊರಿನ ಫುಟ್‌ಬಾಲ್ ಮೈದಾನದಲ್ಲಿ ಹುಲ್ಲಿಲ್ಲ, ಜಲ್ಲಿ ಇದೆ, ಅದರ ಮೇಲೇ ಬಿದ್ದು ಎದ್ದು ಆಡುತ್ತಾರೆ. ಗಣಿಗಾರರ ಊರು, ಯಾವ ಅಲಂಕಾರವೂ ಇಲ್ಲ, ನನಗಂತೂ ಬಹಳ ಇಷ್ಟವಾಯಿತು. ಆಸ್ಪತ್ರೆ ಇರುವುದೂ ಇಲ್ಲೇ, ಸ್ಟ್ರಾನ್‌ಗೆ ಇದೇ ಹತ್ತಿರದ್ದು, ನೆನಪಿಡಿ. ಇಲ್ಲಿಂದ ಸ್ಟ್ರಾನ್‌ಗೆ 40 ಕಿಲೋಮೀಟರ್, ಕಾರಿನಲ್ಲಿ ವಾಂತಿ ಬರುವವರಿಗೆ ಮೊದಲೇ ಮಾತ್ರೆ ಕೊಟ್ಟುಬಿಡಿ.

ಉತ್ತರದಿಂದ ಬರುವುದಾದರೆ ಇನ್ನೂ ಹತ್ತಿರ. ಕ್ರೇಡಲ್ ಮೌಂಟನ್‌ನಿಂದ ಎರಡು ಗಂಟೆ ಚಿಲ್ಲರೆ. ಕಾರಿನ ಸಮೇತ ಹಡಗಿನಲ್ಲಿ ಬರುವವರು ಮೆಲ್ಬರ್ನ್ ಹತ್ತಿರದ ಜೀಲಾಂಗ್‌ನಿಂದ ಹತ್ತಿ ಡೆವನ್‌ಪೋರ್ಟ್‌ನಲ್ಲಿ ಇಳಿಯಬೇಕು. ಹಡಗು ಮೆಲ್ಬರ್ನ್ ಬಿಟ್ಟು ಜೀಲಾಂಗ್‌ಗೆ ಹೋಗಿದ್ದು 2022ರಲ್ಲಿ, ಹಳೇ ಮಾಹಿತಿ ನೋಡಿಕೊಂಡು ತಪ್ಪು ಬಂದರಿಗೆ ಹೋಗಬೇಡಿ.

ಊಟದ ವಿಷಯ

ಸಸ್ಯಾಹಾರಿಗಳು ಸ್ವಲ್ಪ ಗಮನವಿಟ್ಟು ಓದಿ. ಊರಿನಲ್ಲಿ ಮೀನು ಚೆನ್ನಾಗಿ ಸಿಗುತ್ತದೆ, ಹಾರ್ಬರ್‌ನಲ್ಲೇ ಸಾಲ್ಮನ್ ಸಾಕುತ್ತಾರೆ. ಸಸ್ಯಾಹಾರ ಅಂದರೆ ಆಲೂಗಡ್ಡೆ ಚಿಪ್ಸ್, ಪಿಜ್ಜಾ, ಸೂಪು, ಪುಣ್ಯ ಇದ್ದರೆ ಪಾಸ್ತಾ. ಅಡುಗೆಮನೆ ಇರುವ ಕ್ಯಾಬಿನ್ ಅಥವಾ ಮನೆ ಬುಕ್ ಮಾಡಿ, ಅದಕ್ಕಿಂತ ದೊಡ್ಡ ಸಲಹೆ ನನ್ನ ಹತ್ತಿರ ಇಲ್ಲ. ಅಕ್ಕಿ, ಬೇಳೆ, ಸಾರಿನಪುಡಿ, ಸಣ್ಣ ಕುಕ್ಕರ್ ಕಾರಿನಲ್ಲಿ ಇದ್ದರೆ ಹೊರಗೆ ಎಷ್ಟು ಮಳೆ ಸುರಿದರೂ ನೀವು ರಾಜರು. ಹೋಬಾರ್ಟ್‌ನಲ್ಲಿ ಇಂಡಿಯನ್ ಅಂಗಡಿಗಳಿವೆ, ಅಲ್ಲೇ ಸಾಮಾನು ಕಟ್ಟಿಸಿಕೊಳ್ಳಿ. ಸ್ಟ್ರಾನ್‌ನಲ್ಲಿ ಹಾಲು, ಮೊಸರು, ತರಕಾರಿ ಸಿಗುತ್ತದೆ, ಬೆಲೆ ಜಾಸ್ತಿ, ಅಂಗಡಿ ಬೇಗ ಮುಚ್ಚುತ್ತದೆ.

ಒಂದು ಎಚ್ಚರಿಕೆ. ಟಾಸ್ಮೇನಿಯಾಕ್ಕೆ ಹಣ್ಣು, ತರಕಾರಿ, ಗಿಡ ತರುವ ಹಾಗಿಲ್ಲ. ಹೊರದೇಶದಿಂದ ಮಾತ್ರ ಅಲ್ಲ, ಮೆಲ್ಬರ್ನ್‌ನಿಂದ ಕೂಡ. ಹೋಬಾರ್ಟ್ ವಿಮಾನ ನಿಲ್ದಾಣದಲ್ಲಿ ನಾಯಿ ಬಂದು ಬ್ಯಾಗ್ ಮೂಸುತ್ತದೆ. ಅಮ್ಮ ನಮ್ಮ ಮನೆಯ ಕುಂಡದಿಂದ ಒಂದು ಹಿಡಿ ಕರಿಬೇವು ಕಿತ್ತು ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು, ನನಗೆ ಹೇಳಿರಲಿಲ್ಲ. ಪುಣ್ಯಕ್ಕೆ ನಾಯಿಗಿಂತ ಮೊದಲು ಅವರಿಗೇ ನೆನಪಾಗಿ ಅಲ್ಲಿ ಇಟ್ಟಿದ್ದ ತೊಟ್ಟಿಗೆ ಹಾಕಿದರು. ‘ಒಗ್ಗರಣೆಗೆ ಏನು ಮಾಡೋದು’ ಅನ್ನುವುದು ಮುಂದಿನ ಮೂರು ದಿನ ಕೇಳಿದ ಮಾತು. ಊರಿನಿಂದ ಬರುವವರು ಸಿಡ್ನಿ ಅಥವಾ ಮೆಲ್ಬರ್ನ್‌ನಲ್ಲಿ ಇಳಿಯುವಾಗಲೂ ಅಷ್ಟೇ, ಉಪ್ಪಿನಕಾಯಿ ಪುಡಿ ಹಪ್ಪಳ ಏನೇ ಇದ್ದರೂ ಫಾರ್ಮಿನಲ್ಲಿ ಬರೆದು ತೋರಿಸಿಬಿಡಿ. ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ದೋಣಿ: ಇದನ್ನು ಬಿಟ್ಟರೆ ಹೋಗಿದ್ದು ದಂಡ

ಸ್ಟ್ರಾನ್‌ಗೆ ಹೋಗುವುದೇ ಗಾರ್ಡನ್ ನದಿಯ ದೋಣಿಗೆ. ಬೆಳಿಗ್ಗೆ ಒಂಬತ್ತರ ಆಸುಪಾಸು ಧಕ್ಕೆಯಿಂದ ಹೊರಡುತ್ತದೆ, ಸುಮಾರು ಆರು ಗಂಟೆಯ ಪ್ರಯಾಣ, ಊಟ ಅದರಲ್ಲೇ. ಒಬ್ಬರಿಗೆ ನೂರು ಡಾಲರಿಗಿಂತ ಮೇಲೆ, ಕಿಟಕಿ ಸೀಟಿಗೆ ಇನ್ನೂ ಜಾಸ್ತಿ. ಜಾಸ್ತಿ ಕೊಡಬೇಡಿ. ಹೇಗಿದ್ದರೂ ನೀವು ಹೊರಗೆ ಡೆಕ್ಕಿನ ಮೇಲೇ ನಿಂತಿರುತ್ತೀರಿ. ಸಸ್ಯಾಹಾರ ಬೇಕು ಅಂತ ಬುಕ್ ಮಾಡುವಾಗಲೇ ಬರೆಯಿರಿ. ಜನವರಿಯಲ್ಲಾದರೆ ಕೆಲವು ವಾರ ಮೊದಲೇ ಸೀಟು ಹಿಡಿಯಿರಿ.

ದೋಣಿ ಮೊದಲು ಹಾರ್ಬರ್‌ನ ಬಾಯಿಯ ಕಡೆ ಹೋಗುತ್ತದೆ. ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ, ಅಳಿವೆ ಬಾಗಿಲು ಅಂದರೆ ಸಾಕು. ಅಷ್ಟು ದೊಡ್ಡ ಹಿನ್ನೀರಿಗೆ ಇಷ್ಟೇ ಇಷ್ಟು ಕಿರಿದಾದ ಬಾಯಿ, ತಳದಲ್ಲಿ ಮರಳು ದಿಬ್ಬ, ಒಳಗಿನ ನೀರು ಹೊರಗೆ ನುಗ್ಗುವಾಗ ಹೊರಗಿನ ಅಲೆ ಒಳಗೆ ನುಗ್ಗುತ್ತದೆ. ಇದರ ಹೆಸರು ಹೆಲ್ಸ್ ಗೇಟ್ಸ್, ನರಕದ ಬಾಗಿಲು. ಆದರೆ ಹೆಸರಿಟ್ಟವರು ಬೆಸ್ತರಲ್ಲ, ಕೈದಿಗಳು. ಬಾಗಿಲು ದಾಟಿ ಒಳಗೆ ಬಂದರೆ ಅವರಿಗೆ ಸಿಗುತ್ತಿದ್ದುದು ಸಾರಾ ದ್ವೀಪದ ಜೈಲು.

ಆ ದ್ವೀಪದಲ್ಲಿ ದೋಣಿ ಸುಮಾರು ಒಂದು ಗಂಟೆ ನಿಲ್ಲುತ್ತದೆ. 1822ರಿಂದ 1833ರವರೆಗೆ ಬ್ರಿಟಿಷರು ಬೇರೆ ಜೈಲಿನಲ್ಲೂ ಬಗ್ಗದ ಕೈದಿಗಳನ್ನು ತಂದು ಹಾಕುತ್ತಿದ್ದ ಜಾಗ. ಅಂಡಮಾನಿನ ಕಾಲಾಪಾನಿ ಕೇಳಿದವರಿಗೆ ಉಪಾಯ ಗೊತ್ತಾಗುತ್ತದೆ, ಗೋಡೆ ಬೇಡ, ಸುತ್ತಲಿನ ನೀರು ಕಾಡೇ ಗೋಡೆ. ತಪ್ಪಿಸಿಕೊಂಡು ಕಾಡಿಗೆ ಹೋದವರಲ್ಲಿ ಅಲೆಕ್ಸಾಂಡರ್ ಪಿಯರ್ಸ್ ಅನ್ನುವವನು ಜೊತೆಗಿದ್ದವರನ್ನೇ ತಿಂದು ಬದುಕಿದ, 1824ರಲ್ಲಿ ಅವನನ್ನು ನೇಣಿಗೆ ಹಾಕಿದರು. ಗೈಡ್ ಇದನ್ನು ಊಟಕ್ಕೆ ಸ್ವಲ್ಪ ಮುಂಚೆ ಹೇಳುತ್ತಾರೆ. ಮಕ್ಕಳಿದ್ದರೆ ನೋಡಿಕೊಳ್ಳಿ.

ನನಗೆ ಇದಕ್ಕಿಂತ ಇನ್ನೊಂದು ಕಥೆ ಇಷ್ಟ. ದ್ವೀಪದಲ್ಲಿ ಹಡಗು ಕಟ್ಟುವ ಕೆಲಸ ಜೋರಾಗಿ ನಡೆಯುತ್ತಿತ್ತು, ಕೈದಿಗಳೇ ಕಟ್ಟುತ್ತಿದ್ದರು. ಜೈಲು ಮುಚ್ಚುವಾಗ ಅರ್ಧಕ್ಕೆ ನಿಂತಿದ್ದ ಫ್ರೆಡರಿಕ್ ಅನ್ನುವ ಹಡಗನ್ನು ಮುಗಿಸಲು ಕೆಲವರನ್ನು ಉಳಿಸಿಕೊಂಡರು. ಅವರು ಮುಗಿಸಿದರು. ಮುಗಿಸಿ, 1834ರ ಜನವರಿಯಲ್ಲಿ ಹತ್ತು ಜನ ಅದೇ ಹಡಗನ್ನು ಕದ್ದು ಪೆಸಿಫಿಕ್ ಸಾಗರ ದಾಟಿ ದಕ್ಷಿಣ ಅಮೆರಿಕದ ಚಿಲಿಗೆ ಹೋಗಿಬಿಟ್ಟರು! ನಾಲ್ವರು ಸಿಕ್ಕಿಬಿದ್ದು ಹೋಬಾರ್ಟ್‌ನಲ್ಲಿ ವಿಚಾರಣೆ ಆಯಿತು. ಹಡಗು ಇನ್ನೂ ರಿಜಿಸ್ಟರ್ ಆಗಿರಲಿಲ್ಲ, ಹಾಗಾಗಿ ಅದು ಕಾನೂನಿನ ಪ್ರಕಾರ ಹಡಗೇ ಅಲ್ಲ, ಬರೀ ಮರ ಹಗ್ಗ ಬಟ್ಟೆ, ಅಂತ ಅವರ ವಾದ. ಅಂತೂ ನೇಣಿನಿಂದ ತಪ್ಪಿಸಿಕೊಂಡರು. ಈ ಕಥೆಯನ್ನು ಸ್ಟ್ರಾನ್ ಧಕ್ಕೆಯ ಪಕ್ಕದಲ್ಲಿ 1994ರಿಂದ ನಾಟಕವಾಗಿ ಆಡುತ್ತಾ ಬಂದಿದ್ದಾರೆ, ನೋಡುವವರನ್ನೇ ಎಳೆದು ಪಾತ್ರ ಕೊಡುತ್ತಾರೆ. ನೀವು ಹೋಗುವ ದಿನ ಇದೆಯಾ ಅಂತ ವಿಚಾರಿಸಿ. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮನೂ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ದೋಣಿ ಗಾರ್ಡನ್ ನದಿಯೊಳಗೆ ಹೋಗಿ ಇಂಜಿನ್ ಸದ್ದು ಕಡಿಮೆ ಮಾಡುತ್ತದೆ. ಇಲ್ಲಿ ಫೋನ್ ಜೇಬಿನಲ್ಲಿ ಹಾಕಿ. ನೀರು ಕಪ್ಪು ಕಾಫಿ ಡಿಕಾಕ್ಷನ್ ಬಣ್ಣ, ಕೊಳಕಲ್ಲ, ಜೌಗು ನೆಲದ ಬಟನ್‌ಗ್ರಾಸ್ ಹುಲ್ಲಿನ ಒಗರು ಇಳಿದು ಆದ ಬಣ್ಣ. ಗಾಳಿ ಇಲ್ಲದ ಬೆಳಿಗ್ಗೆ ಆ ಕಪ್ಪು ನೀರಿನಲ್ಲಿ ಕಾಡು ತಲೆಕೆಳಗಾಗಿ ನಿಂತಿರುತ್ತದೆ, ಯಾವುದು ಮೇಲಿನದು ಯಾವುದು ಕೆಳಗಿನದು ಗೊತ್ತಾಗುವುದಿಲ್ಲ. ಹೆರಿಟೇಜ್ ಲ್ಯಾಂಡಿಂಗ್ ಅನ್ನುವಲ್ಲಿ ಇಳಿದು ಹಲಗೆಯ ಮೇಲೆ ಅರ್ಧ ಗಂಟೆ ಕಾಡಿನೊಳಗೆ ನಡೆಯಬಹುದು.

ಅಲ್ಲಿ ಹ್ಯೂವನ್ ಪೈನ್ ಮರ ನೋಡಿ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ದಪ್ಪವಾಗುತ್ತದೆ, ಎರಡು ಸಾವಿರ ವರ್ಷ ದಾಟಿ ಬದುಕುವುದೂ ಉಂಟು. ಮರದೊಳಗಿನ ಎಣ್ಣೆಯಿಂದಾಗಿ ನೀರಿನಲ್ಲಿ ಬಿದ್ದರೂ ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಹಡಗಿಗೆ ಇದಕ್ಕಿಂತ ಒಳ್ಳೆಯ ಮರ ಇಲ್ಲ, ಬ್ರಿಟಿಷರು ಅಷ್ಟು ದೂರ ಬಂದು ಜೈಲು ಕಟ್ಟಿದ್ದಕ್ಕೆ ಇದೂ ಒಂದು ಕಾರಣ. ಈಗ ನಿಂತ ಮರ ಕಡಿಯುವ ಹಾಗಿಲ್ಲ, ಹಿಂದೆ ಬಿದ್ದ ಮರ, ನೀರಿನಿಂದ ಎತ್ತಿದ ದಿಮ್ಮಿ ಇವನ್ನಷ್ಟೇ ಕೊಯ್ಯುತ್ತಾರೆ. ದೋಣಿ ಇಳಿದ ಮೇಲೆ ಧಕ್ಕೆಯಲ್ಲೇ ಒಂದು ಸಾಮಿಲ್ ಇದೆ, ಕೊಯ್ಯುವುದನ್ನು ನೋಡಬಹುದು. ಆ ಕಂಪು ಬೇರೆ ಯಾವ ಮರಕ್ಕೂ ಇಲ್ಲ. ದೊಡ್ಡ ಬಟ್ಟಲು ತಟ್ಟೆಗಳ ಬೆಲೆ ನೋಡಿದರೆ ತಲೆ ತಿರುಗುತ್ತದೆ, ಸಣ್ಣ ಚೂರುಗಳು ಕಡಿಮೆಗೆ ಸಿಗುತ್ತವೆ. ಬೀರುವಿನಲ್ಲಿ ಇಟ್ಟರೆ ನುಸಿಗುಳಿಗೆ ಬೇಡ.

ಈ ನದಿ ಈಗ ಹೀಗೆ ಹರಿಯುತ್ತಿರುವುದಕ್ಕೆ ಒಂದು ಜಗಳ ಕಾರಣ. ಇಲ್ಲಿನ ವಿದ್ಯುತ್ ಮಂಡಳಿ ಗಾರ್ಡನ್ ನದಿಗೆ, ಫ್ರಾಂಕ್ಲಿನ್ ನದಿ ಬಂದು ಸೇರುವ ಜಾಗದಿಂದ ಕೆಳಗೆ, ಅಣೆಕಟ್ಟು ಕಟ್ಟಲು ಹೊರಟಿತ್ತು. 1982ರ ಡಿಸೆಂಬರ್‌ನಲ್ಲಿ ಜನ ಸ್ಟ್ರಾನ್‌ನಲ್ಲಿ ಬಂದು ಸೇರಿ, ರಬ್ಬರ್ ದೋಣಿಗಳಲ್ಲಿ ನದಿಗೆ ಅಡ್ಡ ಕೂತರು. ಸಾವಿರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. ಮುಂದಾಳು ಬಾಬ್ ಬ್ರೌನ್, ವೃತ್ತಿಯಲ್ಲಿ ಡಾಕ್ಟರ್, ಅವರೂ ಜೈಲಿಗೆ ಹೋದರು. ಕೊನೆಗೆ 1983ರ ಜುಲೈ 1ರಂದು ಅಲ್ಲಿನ ಹೈಕೋರ್ಟ್, ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ, ನಾಲ್ಕು ಮೂರರ ಬಹುಮತದಲ್ಲಿ ಅಣೆಕಟ್ಟು ನಿಲ್ಲಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿ ಹತ್ತಿರ ಸಲ್ಕಣಿಯವರು ಕಾಡು ಕಡಿಯಲು ಬಿಡದೆ ಮರ ಅಪ್ಪಿಕೊಂಡು ನಿಂತಿದ್ದರು. ಇದನ್ನು ದೋಣಿಯಲ್ಲಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪನ ಅಜ್ಜನ ಮನೆ, ತೋಟ ಎಲ್ಲಾ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಹೋಗಿವೆ. ಅಪ್ಪ ಕೇಳಿಸಿಕೊಂಡು, ‘ಇಲ್ಲಿ ಮುಳುಗೋದಕ್ಕೆ ಊರು ಇತ್ತಾ?’ ಅಂದರು. ಊರು ಇರಲಿಲ್ಲ, ಕಾಡು, ಮತ್ತು ಸಾವಿರಾರು ವರ್ಷದ ಹಿಂದೆ ಅಲ್ಲಿನ ಮೂಲನಿವಾಸಿಗಳು ಬದುಕಿದ್ದ ಗುಹೆಗಳು ಅಂದೆ. ‘ಊರಿಲ್ಲದೆಯೂ ನಿಲ್ಲಿಸಿದ್ರಲ್ಲ’ ಅಂತ ಹೇಳಿ ಮತ್ತೆ ನೀರು ನೋಡುತ್ತಾ ಕೂತರು.

ಸ್ಟ್ರಾನ್‌ನಲ್ಲಿ ಈ ವಿಷಯ ತೆಗೆಯುವಾಗ ಸ್ವಲ್ಪ ನೋಡಿಕೊಂಡು ಮಾತಾಡಿ. ಅಣೆಕಟ್ಟಿನ ಕೆಲಸ ಸಿಗುತ್ತದೆ ಅಂತ ಕಾದಿದ್ದವರೂ ಇದೇ ಊರಿನವರು. ಈಗ ಸಾಲ್ಮನ್ ಸಾಕಣೆಯ ಮೇಲೂ ಅದೇ ಥರ ಎರಡು ಪಕ್ಷ. ಈ ಹಾರ್ಬರ್‌ನಲ್ಲಿ ಮಾಜಿಯನ್ ಸ್ಕೇಟ್ ಅನ್ನುವ ಒಂದು ತೊರಕೆ ಜಾತಿಯ ಮೀನಿದೆ, ಅಳಿವಿನ ಅಂಚಿನಲ್ಲಿದೆ. ನೀರಿನ ಆಮ್ಲಜನಕ ಕಡಿಮೆಯಾಗುತ್ತಿರುವುದಕ್ಕೆ ಸಾಕಣೆ ಒಂದು ಕಾರಣ ಅಂತ ಒಂದು ಕಡೆಯವರು, ನಮ್ಮ ಹೊಟ್ಟೆಪಾಡು ಅಂತ ಇನ್ನೊಂದು ಕಡೆಯವರು. ನೀವು ಎರಡು ದಿನಕ್ಕೆ ಬಂದವರು, ಕೇಳಿಸಿಕೊಳ್ಳಿ ಸಾಕು.

ರೈಲು

ಊಟಿ ರೈಲು ಹತ್ತಿದವರಿಗೆ ಇದು ನೆಂಟರ ಮನೆ. ಮೆಟ್ಟುಪಾಳಯಂ ಕಡೆಯಿಂದ ಹತ್ತುವಾಗ ಹಳಿಯ ಮಧ್ಯೆ ಹಲ್ಲಿನ ಪಟ್ಟಿ ಇರುತ್ತದಲ್ಲ, ಇಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ, ಅದೇ ಆಬ್ಟ್ ಪದ್ಧತಿ ಇಲ್ಲೂ ಇದೆ. ಕ್ವೀನ್ಸ್‌ಟೌನ್‌ನ ತಾಮ್ರವನ್ನು ಬಂದರಿಗೆ ಇಳಿಸಲು 1890ರ ದಶಕದಲ್ಲಿ ಹಾಕಿದ ದಾರಿ. 1963ರಲ್ಲಿ ಮುಚ್ಚಿತು, ಸೇತುವೆಗಳೆಲ್ಲ ಕೊಳೆತವು, ಆಮೇಲೆ ಪ್ರವಾಸಿಗರಿಗಾಗಿ ಮತ್ತೆ ಕಟ್ಟಿದರು. ಒಟ್ಟು 35 ಕಿಲೋಮೀಟರ್‌ನಷ್ಟು. ಗ್ಲಾಸ್ಗೋದಲ್ಲಿ ಮಾಡಿದ ಹಳೇ ಉಗಿ ಇಂಜಿನ್‌ಗಳು ಇನ್ನೂ ಓಡುತ್ತವೆ.

ಇಲ್ಲಿ ಒಂದು ಕಿವಿಮಾತು. ಸ್ಟ್ರಾನ್‌ನಿಂದ ಹೊರಡುವ ಅರ್ಧ ದಿನದ ರೈಲು ನದಿ ಪಕ್ಕದಲ್ಲಿ ಸಮತಟ್ಟಿನಲ್ಲಿ ಹೋಗಿ ವಾಪಸ್ ಬರುತ್ತದೆ, ಚೆನ್ನಾಗಿದೆ, ಆದರೆ ಹಲ್ಲಿನ ಹಳಿಯ ಏರು ಅದರಲ್ಲಿ ಬರುವುದಿಲ್ಲ. ಏರು, ಕಮರಿ ನೋಡಬೇಕಾದರೆ ಕ್ವೀನ್ಸ್‌ಟೌನ್‌ನಿಂದ ಹೊರಡುವುದನ್ನು ಹಿಡಿಯಬೇಕು. ನಾವು ಬಂದ ದಿನ ಕ್ವೀನ್ಸ್‌ಟೌನ್‌ನಲ್ಲಿ ಉಳಿಯಲಿಲ್ಲ, ಹೊರಡುವ ದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ರೈಲು ಮುಗಿಸಿ ಹೋಬಾರ್ಟ್ ಕಡೆ ಹೊರಟೆವು. ಬೇಸಿಗೆಯಲ್ಲಿ ಮಾತ್ರ ಇದು ಸರಿಹೋಗುತ್ತದೆ, ಯಾಕೆಂದರೆ ಕತ್ತಲು ತಡ. ಎಲ್ಲಾ ದಿನ ರೈಲು ಇರುವುದಿಲ್ಲ, ವೇಳಾಪಟ್ಟಿ ನೋಡಿ ಆಮೇಲೆ ರೂಮ್ ಬುಕ್ ಮಾಡಿ. ನಾನು ಮೊದಲ ಸಲ ಉಲ್ಟಾ ಮಾಡಿದ್ದೆ.

ದುಡ್ಡಿಲ್ಲದೆ ನೋಡುವಂಥವು

ಊರಿನೊಳಗಿನ ಪೀಪಲ್ಸ್ ಪಾರ್ಕಿನಿಂದ ಹೊಗಾರ್ತ್ ಫಾಲ್ಸ್‌ಗೆ ಕಾಲುದಾರಿ, ಹೋಗಿ ಬರಲು ಒಂದು ಗಂಟೆಯೊಳಗೆ. ಫಾಲ್ಸ್ ಸಣ್ಣದು, ಜೋಗದ ಕಡೆಯವರು ನಗುತ್ತೀರಿ. ದಾರಿ ಮುಖ್ಯ. ಹೊಳೆಯಲ್ಲಿ ಪ್ಲಾಟಿಪಸ್ ಅನ್ನುವ, ಬಾತುಕೋಳಿಯಂಥ ಕೊಕ್ಕಿನ ಪ್ರಾಣಿ ಇದೆ, ಬೆಳಿಗ್ಗೆ ಬೇಗ ಅಥವಾ ಸಂಜೆ ಸದ್ದು ಮಾಡದೆ ಕೂತರೆ ಕಾಣಬಹುದು. ನಮಗೆ ಕಾಣಲಿಲ್ಲ, ಇಂಬಳ ಸಿಕ್ಕಿತು. ಹೌದು, ಇಲ್ಲೂ ಇಂಬಳ ಇದೆ. ಅಮ್ಮ ಕಾಲಿನಿಂದ ಒಂದನ್ನು ಕಿತ್ತು ‘ನಮ್ಮಲ್ಲಿದು ಇದಕ್ಕಿಂತ ದೊಡ್ಡದು’ ಅಂದರು. ಹಾವುಗಳು ಮೂರೇ ಜಾತಿ, ಮೂರೂ ವಿಷದವು, ಬೇಸಿಗೆಯಲ್ಲಿ ಹುಲ್ಲಿನೊಳಗೆ ಚಪ್ಪಲಿ ಹಾಕಿಕೊಂಡು ನುಗ್ಗಬೇಡಿ.

ಝೀಹಾನ್ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಹೆಂಟಿ ಮರಳು ದಿಬ್ಬಗಳು, ಹತ್ತು ಆಳು ಎತ್ತರ ದಾಟಿದಂಥವು. ಮಕ್ಕಳಿಗೆ ಜಾರುವ ಹಲಗೆ ಊರಿನಲ್ಲಿ ಬಾಡಿಗೆಗೆ ಸಿಗುತ್ತದಾ ಅಂತ ಕೇಳಿ. ಆಮೇಲೆ ಒಂದು ವಾರ ಕಾರಿನಲ್ಲಿ ಮರಳು ಗುಡಿಸುತ್ತೀರಿ.

ಕೊನೆಯದು ಓಷನ್ ಬೀಚ್. ಊರಿನಿಂದ ಆರು ಕಿಲೋಮೀಟರ್, ಉದ್ದ ಮೂವತ್ತು ಕಿಲೋಮೀಟರಿಗೂ ಹೆಚ್ಚು, ನಾವು ಹೋದಾಗ ನಾಲ್ಕೇ ಜನ, ಆ ನಾಲ್ವರೂ ನಾವೇ. ನೀರಿಗೆ ಇಳಿಯಲೇಬೇಡಿ, ಮೊಣಕಾಲಿನ ತನಕ ಕೂಡ. ಸೆಳೆತ ಜೋರು, ಕೂಗಿದರೆ ಕೇಳುವವರಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಈ ಹಾರ್ಬರ್‌ನ ಮರಳಿನಲ್ಲಿ ಸುಮಾರು 470 ಪೈಲಟ್ ತಿಮಿಂಗಿಲಗಳು ಸಿಕ್ಕಿಹಾಕಿಕೊಂಡಿದ್ದವು, ನೂರರಷ್ಟನ್ನು ಊರಿನವರೂ ಬಂದು ನೀರಿಗೆ ಬಿಡಿಸಿದರು. ಎರಡು ವರ್ಷದ ಮೇಲೆ ಇದೇ ಬೀಚಿನಲ್ಲಿ ಮತ್ತೆ ಇನ್ನೂರಕ್ಕೂ ಹೆಚ್ಚು.

ಇಲ್ಲಿಗೆ ಸೂರ್ಯ ಮುಳುಗುವ ಹೊತ್ತಿಗೆ ಹೋಗಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಟನ್‌ಬರ್ಡ್ ಅನ್ನುವ ಕಪ್ಪು ಕಡಲಹಕ್ಕಿಗಳು ಇಲ್ಲಿನ ಮರಳಿನ ಬಿಲಗಳಲ್ಲಿ ಮರಿ ಮಾಡುತ್ತವೆ. ನಮ್ಮ ಬೇಸಿಗೆಯ ಹೊತ್ತಿಗೆ ಹೊರಟು ಇವು ಉತ್ತರ ಧ್ರುವದ ಕಡೆಯ ಬೇರಿಂಗ್ ಸಮುದ್ರದವರೆಗೂ ಹೋಗಿ ವಾಪಸ್ ಬರುವ ಹಕ್ಕಿಗಳು. ಹಗಲೆಲ್ಲ ಸಮುದ್ರದಲ್ಲಿ ಮೇಯ್ದು, ಬೆಳಕು ಪೂರ್ತಿ ಹೋಗುವ ಆ ಹತ್ತು ಹದಿನೈದು ನಿಮಿಷದಲ್ಲಿ ಗುಂಪು ಗುಂಪಾಗಿ ತಲೆಯ ಮೇಲೇ ಹಾರಿ ಬಂದು ದೊಪ್ಪೆಂದು ನೆಲಕ್ಕೆ ಬೀಳುತ್ತವೆ, ಇಳಿಯುವುದು ಅಂತ ಹೇಳಲು ಆಗದು. ಮರದ ಅಟ್ಟ ಕಟ್ಟಿದ್ದಾರೆ, ಅದರ ಮೇಲೇ ನಿಲ್ಲಿ, ದಿಬ್ಬ ತುಳಿದರೆ ಬಿಲ ಕುಸಿಯುತ್ತದೆ. ಬಿಳಿ ಟಾರ್ಚ್ ಹಾಕಬೇಡಿ, ಕೆಂಪು ಕಾಗದ ಸುತ್ತಿಕೊಳ್ಳಿ. ಜನವರಿಯಲ್ಲೂ ಅಲ್ಲಿನ ಗಾಳಿಗೆ ಕಿವಿ ಮುಚ್ಚುವ ಟೋಪಿ ಬೇಕು. ವಾಪಸ್ ಬರುವಾಗ ಕತ್ತಲಾಗಿರುತ್ತದೆ, ಆರೇ ಕಿಲೋಮೀಟರ್ ಅಂತ ಜೋರಾಗಿ ಓಡಿಸಬೇಡಿ. ವಾಂಬಟ್ ಹೇಗಿದ್ದರೂ ಇದ್ದೇ ಇದೆ.